ಕೊನೆಯ ಸಾಲಿನ ಹೆಸರು

ಸುದ್ದಿ ಕಳಿಸಿದ್ದು ನಾನೇ. ಜಿಲ್ಲಾ ಪುಟದ ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಕೊಪ್ಪದ ಸೋಬಾನೆ ಗಾಯಕಿ ನಿಧನರಾದರು; ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದರು; ಒಬ್ಬ ಮಗಳಿದ್ದಾಳೆ; ಪತಿಯ ನಿಧನದ ನಂತರ ಹಾಡುವುದನ್ನು ನಿಲ್ಲಿಸಿದ್ದರು. ಮೊದಲ ಮೂರು ಸಂಗತಿ ಸರಿ. ನಾಲ್ಕನೆಯದು ಸರಿಯಲ್ಲ, ಮತ್ತು ಅದು ಬರೆಯುವಾಗಲೇ ನನಗೆ ಗೊತ್ತಿತ್ತು. ಜಾಗ ಕಡಿಮೆ ಇತ್ತು ಎನ್ನುವುದು ನಮ್ಮ ವೃತ್ತಿಯಲ್ಲಿ ಯಾವಾಗಲೂ ಸಿಗುವ ಕಾರಣ. ಇಲ್ಲಿ ಜಾಗ ಇದೆ.

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ಪದದಕ್ಕ. ಅರಿಶಿನ ಹಚ್ಚುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ನಮ್ಮ ಕಡೆ ಒಂದೊಂದು ಸೋಬಾನೆ ಪದ ಇದೆ. ಮೊದಲು ಮನೆಯ ಹೆಂಗಸರೇ ಕೂತು ಹೇಳುತ್ತಿದ್ದರು. ಹೇಳುವವರು ಕಡಿಮೆಯಾಗುತ್ತಾ ಬಂದಾಗ ಮದುವೆ ಮನೆಯವರು ಇವರನ್ನು ಕರೆಯತೊಡಗಿದರು. ಕರೆದವರು ರವಿಕೆ ಕಣ, ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರು. ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಇವರು ಸಂಭಾವನೆ ಎಷ್ಟು ಎಂದು ಬಾಯಿಬಿಟ್ಟು ಹೇಳಿದರು. ಬಾಳೆಹೊನ್ನೂರಿನ ಹತ್ತಿರದ ಒಂದು ಮನೆಯ ಯಜಮಾನರು ಜಗುಲಿಯಲ್ಲಿ ಎದ್ದು ನಿಂತೇಬಿಟ್ಟರಂತೆ.

"ಸೋಬಾನೆ ಹೇಳಕ್ಕೂ ರೇಟಾ? ನಮ್ಮಜ್ಜಿ ಎಲೆಅಡಿಕೆ ಹಾಕ್ಕೊಂಡು ಸುಮ್ನೆ ಹೇಳ್ತಿತ್ತಲ್ಲ!"

"ಹಂಗಾರೆ ನಿಮ್ಮಜ್ಜಿನೇ ಕರೆಸ್ಕೊಳ್ಳಿ. ನಾನೂ ಬಂದು ಕೂತು ಕೇಳ್ತೀನಿ" ಎಂದರಂತೆ ಇವರು.

ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಮನೆಯಲ್ಲಿ ಮುಂದೆ ಮೂರು ಮದುವೆಗೂ ಪದ ಹೇಳಿದ್ದು ಇವರೇ.

ಅವರ ಗಂಡ ನನಗೆ ಮೊದಲಿಂದ ಪರಿಚಯ. ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆನ್ನು ನೋವೆಂದು ಸ್ಟೇರಿಂಗ್ ಬಿಟ್ಟು ಒಂದು ಹಳೆಯ ಓಮ್ನಿ, ಒಂದು ಮೈಕ್‌ಸೆಟ್ ತೆಗೆದುಕೊಂಡಿದ್ದರು. ಹೆಂಡತಿ ಹಾಡುವಾಗ ಆಂಪ್ಲಿಫೈಯರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಹಾಡು ಮುಗಿದ ಮೇಲೆ ಚೆನ್ನಾಗಿತ್ತು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. "ಎರಡನೇ ಪದದಲ್ಲಿ ಬಾಯಿ ಮೈಕಿಂದ ದೂರ ಹೋಯ್ತಲ್ಲ ಮಾರಾಯ್ತಿ, ಜಾತ್ರೇಲಿ ಮಗು ಕಳ್ಕೊಂಡೋರಂಗೆ ಹುಡುಕ್ಬೇಕಾಯ್ತು ನಿನ್ ದನಿನ" ಎನ್ನುವುದು ಅವರ ಮೆಚ್ಚುಗೆಯ ಧಾಟಿ.

ಇವರ ಹಾಡು ಊರಿಂದೂರಿಗೆ ಹೋದದ್ದು ಈ ಮನುಷ್ಯನ ಬುದ್ಧಿಯಿಂದ. ಕೊಪ್ಪದ ಒಂದು ಫೋಟೋ ಸ್ಟುಡಿಯೋದಲ್ಲಿ ಬಾಗಿಲಿಗೆ ಕೌದಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಹನ್ನೊಂದು ಪದ ರೆಕಾರ್ಡ್ ಮಾಡಿಸಿದರು. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಹಳೆಯ ಸಹೋದ್ಯೋಗಿಗಳಿಗೆ ಹಂಚಿದರು. ಶೃಂಗೇರಿಗೆ, ಎನ್.ಆರ್. ಪುರಕ್ಕೆ, ಬೇಗಾರಿನ ಕಡೆಗೆ ಓಡುವ ಬಸ್ಸುಗಳಲ್ಲಿ ಬೆಳಿಗ್ಗೆ ದೇವರ ನಾಮ ಮುಗಿದ ಕೂಡಲೇ ಇವರ ದನಿ ಶುರುವಾಗುತ್ತಿತ್ತು. "ಇದ್ಯಾರು ಮಾರಾಯ ಹೇಳಿರದು?" ಎಂದು ಯಾರಾದರೂ ಕೇಳಿದರೆ ಕಂಡಕ್ಟರ್ ಟಿಕೆಟಿನ ಹಿಂದೆ ಫೋನ್ ನಂಬರ್ ಬರೆದುಕೊಡುತ್ತಿದ್ದ. ಇವರಿಗೆ ಇದ್ದ ಕಂಪನಿ, ಪ್ರಚಾರ, ಏಜೆಂಟ್ ಎಲ್ಲವೂ ಅಷ್ಟೇ. ಅದು ಸಾಕಾಗಿತ್ತು. ಮದುವೆಯ ತಿಂಗಳುಗಳಲ್ಲಿ ಅವರು ಸಿಗುವ ದಿನ ನೋಡಿ ಮುಹೂರ್ತ ಇಟ್ಟವರನ್ನು ನಾನು ಬಲ್ಲೆ.

ಬೆಂಗಳೂರಿಗೆ ಒಮ್ಮೆ ಹೋಗಿ ಬಂದರು. ಯಾವುದೋ ಚಾನೆಲ್ಲಿನವರು ಕರೆದಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗನೊಬ್ಬ, ಅಮ್ಮ, ಈ ಹೆಸರುಗಳನ್ನೆಲ್ಲ ಬಿಟ್ಟುಬಿಡಿ, ಬೀಟ್ ಕೂರಿಸಿ ಎರಡು ನಿಮಿಷಕ್ಕೆ ತರೋಣ ಎಂದನಂತೆ. ಇವರು ಕಾಫಿ ಕುಡಿದು, ಲೋಟ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿ, ವಾಪಸ್ ಬಂದರು. ನಾನು ಕಾರಣ ಕೇಳಿದೆ.

"ಹೆಸರು ತೆಗೆದ್ರೆ ಅದು ಯಾರ ಮನೆ ಮದುವೆ ಪೇಪರಣ್ಣ?"

ಹೆಸರಿನ ವಿಷಯ ಸ್ವಲ್ಪ ವಿವರಿಸಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮದುವೆಗೆ ಒಂದು ವಾರ ಮೊದಲು ಇವರು ಮದುಮಗಳ ಮನೆಗೆ ಹೋಗುತ್ತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಜ್ಜಿಯ ಹೆಸರು, ಅತ್ತೆಯ ಹೆಸರು, ಹಸುವಿನ ಹೆಸರು, ನೀರು ತರುವ ಬಾವಿ ಯಾವ ದಿಕ್ಕಿಗಿದೆ ಎಂಬುದನ್ನೆಲ್ಲ ಕೇಳುತ್ತಿದ್ದರು. ಬರೆದುಕೊಳ್ಳುತ್ತಿರಲಿಲ್ಲ. ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದರು. ಮದುವೆಯ ದಿನ ಆ ಹೆಸರುಗಳೆಲ್ಲ ಪದದೊಳಗೆ ಬಂದು ಕೂರುತ್ತಿದ್ದವು. ಹಾಡುವಾಗಲೂ ಅದೇ ಹೆಬ್ಬೆರಳು ಅದೇ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಒಂದು ಷರತ್ತು ಮಾತ್ರ ಇತ್ತು. "ಇರೋರ ಹೆಸರು ಮಾತ್ರ ಹೇಳಿ. ಹೋದೋರನ್ನ ಕರೀಬೇಡಿ. ಕರೆದು ಬಂದ್ರೆ ಉಣ್ಣಕ್ಕೆ ಇಕ್ಕೋರು ಯಾರು?" ಎಂದು ನಗಿಸುತ್ತಿದ್ದರು. ಆದರೆ ಷರತ್ತು ಸಡಿಲಿಸಿದ್ದಿಲ್ಲ. ಬೇಗಾರಿನ ಒಂದು ಮನೆಯಲ್ಲಿ ತಾಯಿಯೊಬ್ಬರು ತೀರಿಹೋದ ಹಿರಿಮಗನ ಹೆಸರು ಒಂದು ಸಲ ಬರಲಿ ಎಂದು ಕೈಹಿಡಿದು ಬೇಡಿಕೊಂಡರು. ಇವರು ಒಪ್ಪಲಿಲ್ಲ. ಆದರೆ ಮದುವೆಯ ದಿನ, ಚಪ್ಪರಕ್ಕೆ ನೆರಳು ಕೊಟ್ಟದ್ದು ಮನೆಯ ಹಿಂದಿನ ಹಲಸಿನ ಮರ ಎಂದು ಒಂದು ಸಾಲು ಸೇರಿಸಿದರು. ಆ ಮರ ನೆಟ್ಟವನು ಆ ಮಗ. ಗೊತ್ತಿದ್ದವರಿಗೆ ಗೊತ್ತಾಯಿತು.

ಧಾರೆಯ ಪದದ ಕೊನೆಯ ಸಾಲಿನಲ್ಲಿ, ಎಲ್ಲರ ಹೆಸರೂ ಮುಗಿದ ಮೇಲೆ, ಪದ ಹೇಳಿದವಳು ತನ್ನ ಗಂಡನ ಹೆಸರು ಸೇರಿಸುವುದು ಇವರು ಕಲಿತು ಬಂದ ಪದ್ಧತಿ. ಇವರ ಬಾಳಿನ ಹಾಗೇ ನನ್ನವರ ಬಾಳೂ ತಂಪಾಗಿರಲಿ ಎಂಬ ಅರ್ಥದ ಸಾಲು. ಹೇಳಿದವಳು ಮುತ್ತೈದೆ ಎನ್ನುವುದಕ್ಕೆ ಅದೇ ಸಾಕ್ಷಿ. ಗಂಡ ತೀರಿಹೋದ ಹೆಂಗಸು ಧಾರೆಯ ಪದವನ್ನು ಮುಂದೆ ಕೂತು ಹೇಳುವಂತಿಲ್ಲ. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಪದದಲ್ಲೂ ಆ ಸಾಲು ಇದೆ. ಪ್ರತಿ ಸಲ ಆ ಸಾಲು ಬಂದಾಗ ಆಂಪ್ಲಿಫೈಯರ್ ಪಕ್ಕ ಕೂತ ಮನುಷ್ಯ, ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ಬಗ್ಗಿ ಯಾವುದೋ ವೈರ್ ಎಳೆಯುತ್ತಿದ್ದರು.

ಈಗ ಆ ದಿನದ ಸಂಗತಿ.

ಗಂಡನಿಗೆ ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೇರಿಸಿ ಮೂರು ದಿನವಾಗಿತ್ತು. ಗುಣವಾಗುತ್ತಿದೆ, ಎರಡು ದಿನದಲ್ಲಿ ಬಿಡುತ್ತೇವೆ ಎಂದು ವೈದ್ಯರು ಹೇಳಿದ್ದರು. ಕೊಪ್ಪದ ಒಂದು ಮದುವೆಗೆ ಇವರು ವೀಳ್ಯ ಹಿಡಿದು ಒಪ್ಪಿಕೊಂಡಾಗಿತ್ತು. "ವೀಳ್ಯ ಹಿಡ್ದ ಮೇಲೆ ತಪ್ಸಬಾರ್ದು, ನೀನು ಹೋಗು, ನಾನೆಂತ ಓಡಿಹೋಗ್ತೀನಾ" ಎಂದು ಗಂಡನೇ ಕಳಿಸಿದ್ದರು. ಮೈದುನ ಆಸ್ಪತ್ರೆಯಲ್ಲಿ ಉಳಿದ. ಹಾಡಲು ಕೂರುವಾಗ ಫೋನ್ ಆರಿಸಿ ಚೀಲದಲ್ಲಿಡುವುದು ಇವರ ನಿಯಮ. ಮೈಕಿಗೆ ಬೇರೆ ಯಾರೋ ಬಂದಿದ್ದರು. ನಾನು ಆ ಮದುವೆಗೆ ಊಟಕ್ಕೆ ಹೋದವನು.

ಹತ್ತು ಮುಕ್ಕಾಲಿಗೆ ನನ್ನ ಫೋನಿಗೆ ಕರೆ ಬಂತು. ಮೈದುನ ಅಳುತ್ತಿದ್ದ. ಅತ್ತಿಗೆಯ ಫೋನ್ ಆಫ್ ಇದೆ, ನೀವು ಅಲ್ಲೇ ಇದ್ದೀರಲ್ಲ, ಹೇಳಿ ಎಂದ. ನಾನು ಕಲ್ಯಾಣಮಂಟಪದ ಮುಂದಿನ ಸಾಲಿಗೆ ಹೋಗಿ ಮದುಮಗಳ ಸೋದರಮಾವನನ್ನು ಪಕ್ಕಕ್ಕೆ ಕರೆದೆ. ಮದುವೆ ನಡೆಸುತ್ತಿದ್ದವರು ಅವರು. ಅಕ್ಕನನ್ನು ಹೊರಗೆ ಕರೆಸಿ ಎಂದೆ. ಅವರು ಗಡಿಯಾರ ನೋಡಿಕೊಂಡರು.

"ಹನ್ನೊಂದು ಇಪ್ಪತ್ತಕ್ಕೆ ಧಾರೆ. ಅರ್ಧ ಗಂಟೆ ಚಿಲ್ರೆ. ಈಗ ಹೇಳಿದ್ರೆ ಮದುವೆಮನೇಲಿ ಅಳು ಏಳ್ತದೆ ಮಾರಾಯ. ಆ ಹೆಣ್ಣಿನ ಗತಿ ಎಂತ? ಹೋದೋರು ಹೋದ್ರು, ಅರ್ಧ ಗಂಟೇಲಿ ಎದ್ದು ಬರ್ತಾರಾ?"

"ಅಕ್ಕನ ಬದ್ಲು ಹಿಂದೆ ಕೂತು ಪದ ಎತ್ತಿಕೊಳ್ಳೋ ಹೆಂಗಸ್ರು ಹೇಳ್ಲಿ" ಎಂದೆ.

"ಯಾಕೆ ಅಂತ ಕೇಳ್ತಾರಲ್ಲ, ಆಗ? ನೀವು ಸುಮ್ನಿರಿ. ನಾನೇ ಹೇಳ್ತೀನಿ, ನನ್ನ ಜವಾಬ್ದಾರಿ."

ಆ ಮನುಷ್ಯ ಕೆಟ್ಟವರಲ್ಲ. ಮಂಟಪದಲ್ಲಿ ತಲೆ ಬಗ್ಗಿಸಿ ಕೂತಿದ್ದ ಹುಡುಗಿಯನ್ನು ತಂದೆ ಇಲ್ಲದ ಮೇಲೆ ಸಾಕಿದವರು. ನಾನು ಸುಮ್ಮನಾದೆ. ಧಾರೆಯಾಯಿತು. ಅಕ್ಕ ಬಲಗೈ ಕಿವಿಗೆ ಒತ್ತಿ, ಎಡಗೈ ಮಂಡಿಯ ಮೇಲಿಟ್ಟು, ಎಲ್ಲರ ಹೆಸರು ಹೇಳಿ, ಕೊನೆಯ ಸಾಲಿನಲ್ಲಿ ಗಂಡನ ಹೆಸರು ಹೇಳಿದರು. ಆ ದಿನ ದನಿ ಎಂದಿಗಿಂತ ಚೆನ್ನಾಗಿತ್ತು. ವರದಿಗಾಗಿ ಹೇಳುತ್ತಿದ್ದೇನೆ, ಅಲಂಕಾರಕ್ಕಲ್ಲ.

ಧಾರೆಯಾದ ಕೂಡಲೇ ಸೋದರಮಾವ ಹೇಳುತ್ತಾರೆ ಎಂದುಕೊಂಡಿದ್ದೆ. ಬಿಸಿಲಲ್ಲಿ ಅಷ್ಟು ದೂರ ಹೋಗಬೇಕು, ಹಸಿದು ಹೋಗುವುದು ಬೇಡ ಎಂದು ಅಕ್ಕನನ್ನು ಮೊದಲ ಪಂಕ್ತಿಗೇ ಕೂರಿಸಿದರು. ಹೋಳಿಗೆ ಎರಡೆರಡು ಸಲ ಬಡಿಸಿದರು. ಕೈತೊಳೆದು ಬಂದ ಮೇಲೆ ಉಗ್ರಾಣದ ಬಾಗಿಲಲ್ಲಿ ಸೋದರಮಾವ ಹೇಳಿದರು: "ಈಗ ತಾನೇ ಫೋನ್ ಬಂತು ಅಕ್ಕ." ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ.

ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ತೀರ್ಥಹಳ್ಳಿ ದಾಟಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು.

"ಎಷ್ಟೊತ್ತಿಗಂತೆ?"

"ಈಗ ಸ್ವಲ್ಪ ಹೊತ್ತಿನ ಮುಂಚೆ" ಎಂದೆ.

ಆ ಸಂಜೆ ನಾನು ಸುದ್ದಿ ಬರೆದೆ. ನಿಧನದ ಸುದ್ದಿಗೆ ಗಂಟೆ ಬೇಕೆಂದು ಡೆಸ್ಕಿನವರು ಕೇಳುವುದಿಲ್ಲ. ಅದು ನನ್ನ ಅಭ್ಯಾಸ. ಯಾವ ಸುದ್ದಿಗೂ ಸಮಯ ಇರಬೇಕು ಎಂದು ಕಲಿತವನು. ಆಸ್ಪತ್ರೆಯ ಕಾಗದದಲ್ಲಿ ಬೆಳಿಗ್ಗೆ 10.35 ಎಂದಿತ್ತು. ಹಾಗೇ ಬರೆದೆ. ಮರುದಿನ ಪೇಪರ್ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಎಲ್ಲ ಅಂಗಡಿಗಳಿಗೂ ಹೋಯಿತು. ಮದುವೆಗೆ ಬಂದವರು ಅದನ್ನು ಓದಿದರು. ಮುಹೂರ್ತದ ಗಂಟೆ ಕರೆಯೋಲೆಯಲ್ಲಿ ಅಚ್ಚಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ.

"ಗಂಡನ ಹೆಣ ಅಲ್ಲಿ, ಇವಳು ಇಲ್ಲಿ ಧಾರೆ ಪದ ಹೇಳಿದ್ಳು. ಫೋನ್ ಬಂದಿರ್ಲಿಲ್ವಂತಾ? ಬಂದಿರ್ತದೆ. ದುಡ್ಡು ಹೋಗ್ತದೆ ಅಂತ ಮುಚ್ಚಿಟ್ಟಿದಾಳೆ" ಎಂದು ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ನನ್ನ ಎದುರೇ ಒಬ್ಬರು ಹೇಳಿದರು. ನಾನು ಕಾಫಿ ಮುಗಿಸಿ ಎದ್ದೆ. ಮದುಮಗಳ ಮನೆಯವರು ಶಾಂತಿ ಹೋಮ ಮಾಡಿಸಿದರು. ಹೋಮ ಯಾಕೆ ಎಂದು ಕೇಳಿದವರಿಗೆ, ನಮಗೂ ಗೊತ್ತಿರಲಿಲ್ಲ, ಪೇಪರ್ ನೋಡಿದ ಮೇಲೇ ಗೊತ್ತಾದದ್ದು ಎಂದು ಸೋದರಮಾವ ಹೇಳಿದರು. ಒಪ್ಪಿಕೊಂಡಿದ್ದ ನಾಲ್ಕು ಮದುವೆಯವರೂ ಒಬ್ಬೊಬ್ಬರಾಗಿ ಬೇಡವೆಂದರು.

ತಿಂಗಳು ಕಳೆದ ಮೇಲೆ ಅಕ್ಕ ನನ್ನ ಮನೆಗೆ ಬಂದರು. ಕೈಯಲ್ಲಿ ಪೇಪರಿನ ಆ ತುಂಡು ಇತ್ತು.

"ಇದ್ರ ಕೆಳಗೆ ಒಂದು ಸಾಲು ಹಾಕ್ಬೇಕು ಪೇಪರಣ್ಣ."

"ಎಂತ ಸಾಲು?"

"ನಂಗೆ ಗೊತ್ತಿರ್ಲಿಲ್ಲ ಅಂತ."

ಕೂತು ವಿವರವಾಗಿ ಹೇಳಿದರು. ಧಾರೆಯ ಪದ ಇನ್ನು ತನ್ನದಲ್ಲ ಎಂದು ಅವರು ಯಾರೂ ಹೇಳದೆ ಒಪ್ಪಿಕೊಂಡಿದ್ದರು. ಅದರ ಬಗ್ಗೆ ತಕರಾರಿರಲಿಲ್ಲ. ಮೂರು ನಾಲ್ಕು ಹುಡುಗಿಯರಿಗೆ ಕಲಿಸುವುದು, ಅವರನ್ನು ಮುಂದೆ ಕೂರಿಸಿ ತಾನು ಹಿಂದಿನ ಸಾಲಿನಿಂದ ಎತ್ತಿಕೊಡುವುದು, ಗದ್ದೆ ನೆಟ್ಟಿಯ ಪದ, ಬೀಸುವ ಪದಗಳನ್ನು ವೇದಿಕೆಯಲ್ಲಿ ಹೇಳುವುದು, ಇನ್ನೊಂದು ಪೆನ್‌ಡ್ರೈವ್ ಮಾಡುವುದು, ಇಷ್ಟು ಯೋಚಿಸಿಕೊಂಡಿದ್ದರು. ಗಂಡ ಸತ್ತವಳಿಗೆ ಆ ಹಿಂದಿನ ಸಾಲು ಸಿಗುತ್ತದೆ. ಗೊತ್ತಿದ್ದೂ ಹಾಡಿದವಳಿಗೆ ಅದೂ ಸಿಗುವುದಿಲ್ಲ. ಹುಡುಗಿಯರ ತಾಯಂದಿರು ಆಗಲೇ ಮಕ್ಕಳನ್ನು ಕಳಿಸುವುದು ಬಿಟ್ಟಿದ್ದರು. ಹಿಂದೆ ಕೂತು ಪದ ಎತ್ತಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದರು.

ನಾನು ನಮ್ಮ ವೃತ್ತಿಯ ಮಾತು ಹೇಳಿದೆ. ಅಚ್ಚಾದದ್ದು ತಪ್ಪಿದ್ದರೆ ತಿದ್ದುಪಡಿ ಹಾಕಬಹುದು. ಸಮಯ ಸರಿಯಾಗಿಯೇ ಇದೆ.

ಅವರು ತುಂಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ತಪ್ಪು ಬರ್ದಿದ್ರೆ ತಿದ್ತಿದ್ರಿ. ಸರಿ ಬರ್ದು ನನ್ನ ಮುಳುಗ್ಸಿದೀರಿ. ಅದಕ್ಕೆ ಮದ್ದಿಲ್ಲ ಅನ್ನಿ."

ಇನ್ನೂ ಎರಡು ವಾರದ ಮೇಲೆ ಫೋಟೋ ಸ್ಟುಡಿಯೋದವನು ಫೋನ್ ಮಾಡಿದ. ಅದೇ ಸ್ಟುಡಿಯೋ, ಆ ಮದುವೆಯ ವಿಡಿಯೋ ಮಾಡಿದ್ದೂ ಅವನೇ. ಅಕ್ಕ ಬಂದು ಕೂತಿದ್ದಾರೆ, ನೀವೂ ಬರಬೇಕಂತೆ ಎಂದ. ಹೋದೆ. ಕಂಪ್ಯೂಟರಿನಲ್ಲಿ ಧಾರೆ ನಡೆಯುತ್ತಿತ್ತು. ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಪದ ಕೊನೆಯ ಸಾಲಿಗೆ ಬಂತು. ಕ್ಯಾಮೆರಾ ನೆರೆದವರ ಮೇಲೆ ನಿಧಾನವಾಗಿ ತಿರುಗಿತು. ಎಲ್ಲರ ಕೈಯಲ್ಲೂ ಅಕ್ಷತೆ, ಎಲ್ಲರ ಕೈಯೂ ಮೇಲೆ.

"ಇಲ್ಲಿ ನಿಲ್ಸು" ಎಂದರು.

ಚಿತ್ರ ನಿಂತಿತು. ಅಕ್ಕ ಪರದೆಯ ಮೇಲೆ ಬೆರಳಿಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದರು.

"ನೋಡಿ, ಇಷ್ಟೂ ಜನ ಮದುಮಕ್ಕಳನ್ನ ನೋಡ್ತಿದಾರೆ. ಇಬ್ರು ಮಾತ್ರ ನನ್ನ ನೋಡ್ತಿದಾರೆ. ಒಬ್ರು ಹುಡುಗಿ ಸೋದರಮಾವ." ಬೆರಳು ಸರಿಯಿತು. "ಇನ್ನೊಬ್ರು ನೀವು. ಧಾರೆ ಎರಿಯೋ ಹೊತ್ತಲ್ಲಿ ನನ್ನ ಮುಖದಲ್ಲಿ ಎಂತ ಇತ್ತು ಪೇಪರಣ್ಣ?"

ಸ್ಟುಡಿಯೋದವನು ಎದ್ದು ಹೊರಗೆ ಹೋದ.

"ಗೊತ್ತಿತ್ತು" ಎಂದೆ.

ಅವರು ಬಯ್ಯಲಿಲ್ಲ. ಹೇಳಿದ್ದು ಇಷ್ಟು: "ಹಾಡ್ಸಿದ್ದಕ್ಕೆ ಬೇಜಾರಿಲ್ಲ. ಆ ಹೆಣ್ಣಿನ ಧಾರೆ ನಿಲ್ಲಿಸ್ಬೇಕು ಅಂತ ನಾನೂ ಹೇಳ್ತಿರ್ಲಿಲ್ಲ. ಉಣ್ಣಿಸಿ ಹೇಳಿದ್ರಲ್ಲ. ಹೆಣ ಅಲ್ಲಿ ಬಿದ್ದಿರೋವಾಗ ನನ್ನ ಕೈಲಿ ಹೋಳಿಗೆ ತಿನ್ಸಿದ್ರಲ್ಲ."

ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುವುದಕ್ಕೇ ನನಗೆ ಸಂಬಳ ಬರುತ್ತಿತ್ತು.

ಓಮ್ನಿ ಮಾರಿದರು, ಮೈಕ್‌ಸೆಟ್ ಉಳಿಸಿಕೊಂಡರು. ಮೈಕಿನವರನ್ನು ಮದುವೆಗೆ ಬಂದವರೆಂದು ಯಾರೂ ಎಣಿಸುವುದಿಲ್ಲ. ಮಂಟಪದಿಂದ ದೂರ, ಕಂಬದ ಹಿಂದೆ ಅವರ ಜಾಗ. ಗಂಡ ಕೂರುತ್ತಿದ್ದ ಸ್ಟೂಲಿನ ಮೇಲೆ ಹೆಂಡತಿ ಕೂತರು. ಸೋಬಾನೆ ಹೇಳುವವರು ಸಿಗದ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಪೆನ್‌ಡ್ರೈವ್ ಹಾಕಿ ಎನ್ನುತ್ತಿದ್ದರು. ಯಾರ ಪೆನ್‌ಡ್ರೈವ್? ಇವರದೇ. ಮುತ್ತೈದೆಯಾಗಿದ್ದಾಗ ಹೇಳಿದ ಪದಕ್ಕೆ ದೋಷವಿಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರಂತೆ. ಹೀಗೆ ಅವರ ದನಿ ಮಂಟಪದಲ್ಲಿರುತ್ತಿತ್ತು, ಅವರು ಕಂಬದ ಹಿಂದಿರುತ್ತಿದ್ದರು. "ಪೆನ್‌ಡ್ರೈವಿಗೆ ಸೂತಕ ಇಲ್ಲ ನೋಡಿ" ಎಂದು ಒಮ್ಮೆ ನನ್ನ ಹತ್ತಿರ ನಕ್ಕರು.

ಒಂದು ವಿಷಯ ಗಮನಿಸಿದ್ದೆ. ಧಾರೆಯ ಪದ ಕೊನೆಯ ಸಾಲಿಗೆ ಬರುವಾಗ ಅವರ ಹೆಬ್ಬೆರಳು ಎಡಗೈಯ ಕೊನೆಯ ಗೆಣ್ಣಿಗೆ ಬಂದಿರುತ್ತಿತ್ತು, ಬಲಗೈ ಆಂಪ್ಲಿಫೈಯರಿನ ಗುಂಡಿಯ ಮೇಲಿರುತ್ತಿತ್ತು. ಸರಿಯಾಗಿ ಆ ಹೆಸರು ಬರುವಷ್ಟರಲ್ಲಿ ದನಿ ಇಳಿದು ಇಲ್ಲವಾಗುತ್ತಿತ್ತು.

"ಅಕ್ಕಾ, ಸೌಂಡ್ ಹೋಯ್ತು!" ಎಂದು ಯಾರಾದರೂ ಕೂಗುತ್ತಿದ್ದರು.

"ಹಳೇ ರೆಕಾರ್ಡು ಮಾರಾಯ. ಕೊನಿಗೆ ಅಷ್ಟೇ ಬರದು" ಎನ್ನುತ್ತಿದ್ದರು.

ಐದು ವರ್ಷ ಹೀಗೆ ನಡೆಯಿತು. ಹೋದವರನ್ನು ಕರೆಯಬಾರದು ಎಂಬ ಷರತ್ತನ್ನು ಒಂದು ಮದುವೆಯಲ್ಲೂ ಮುರಿಯಲಿಲ್ಲ. ಕಾಯಿಲೆ ಬಂದ ಮೇಲೆ ಡಯಾಲಿಸಿಸ್‌ಗೆ ಹೋಗಿಬರುವ ಬಸ್ಸಿನಲ್ಲಿ ತಮ್ಮದೇ ಪದ ಕೇಳಿಸಿದರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದರು ಎಂದು ಒಬ್ಬ ಕಂಡಕ್ಟರ್ ಹೇಳಿದ. ಅವರ ಮಣ್ಣಿಗೆ ನಾನು ಹೋಗಿದ್ದೆ. ಇಪ್ಪತ್ತು ಜನರಿರಲಿಲ್ಲ. ಆ ಮದುಮಗಳ ಸೋದರಮಾವ ಬಂದಿದ್ದರು, ದೂರ ನಿಂತಿದ್ದರು.

ಮಗಳು ಮೈಕ್‌ಸೆಟ್ಟನ್ನು ಎನ್.ಆರ್. ಪುರದ ಒಬ್ಬ ಮೈಕಿನವರಿಗೆ ಕೊಟ್ಟಳು. ಪೆನ್‌ಡ್ರೈವ್ ಅದಕ್ಕೆ ಸಿಕ್ಕಿಸಿದ್ದ ಹಾಗೇ ಹೋಯಿತು. ಕಳೆದ ವಾರ ಅಲ್ಲಿಯ ಒಂದು ಮದುವೆಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ಪದ ಶುರುವಾಯಿತು. ಕೊನೆಯ ಸಾಲು ಹತ್ತಿರ ಬಂದಾಗ ನಾನು ಕಂಬದ ಹಿಂದೆ ನೋಡಿದೆ. ಸ್ಟೂಲಿನ ಮೇಲೆ ಮೈಕಿನವರು ಫೋನಿನಲ್ಲಿ ಏನೋ ನೋಡುತ್ತಿದ್ದರು. ದನಿ ಇಳಿಯಲಿಲ್ಲ. ತೀರಿಹೋದ ಗಂಡನ ಹೆಸರು, ತೀರಿಹೋದ ಹೆಂಡತಿಯ ಬಾಯಿಂದ, ಪೂರ್ತಿ ಸೌಂಡಿನಲ್ಲಿ, ನನ್ನವರ ಬಾಳೂ ತಂಪಾಗಿರಲಿ ಎಂಬ ಮಾತಿನ ಜೊತೆ ಕಲ್ಯಾಣಮಂಟಪದ ತುಂಬ ಕೇಳಿಸಿತು. ಜನ ಅಕ್ಷತೆ ಹಾಕಿದರು. ಯಾರ ಹೆಸರು ಅದು ಎಂದು ಯಾರೂ ಕೇಳಲಿಲ್ಲ.

ನಾಲ್ಕನೆಯ ಸಾಲಿನ ತಿದ್ದುಪಡಿ ಹೀಗಿದೆ. ಪತಿಯ ನಿಧನದ ನಂತರ ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ಅವರನ್ನು ಯಾರೂ ಕರೆಯಲಿಲ್ಲ. ಆ ಬೆಳಿಗ್ಗೆ 10.35ರಿಂದ ಊಟ ಮುಗಿಯುವವರೆಗೆ ಅವರಿಗೆ ವಿಷಯ ಗೊತ್ತಿರಲಿಲ್ಲ. ಕಲ್ಯಾಣಮಂಟಪದಲ್ಲಿ ಗೊತ್ತಿದ್ದವರು ಇಬ್ಬರು. ಅವರಲ್ಲಿ ಒಬ್ಬ ನಾನು.